ಪಾಸ್‌ಪೋರ್ಟಿಗೆ ಹಾಕಿದ ಹೊಲಿಗೆ

ಅಕ್ಕ ಮದುವೆಯಾಗುತ್ತಾಳೆ ಎಂಬ ಸುದ್ದಿ ಫೋನಿನಲ್ಲಿ ಬಂದಾಗ ಬೈಂಡರನ ಬಲಗೈಯಲ್ಲಿ ದಬ್ಬಣವಿತ್ತು, ಎಡಗೈ ಬೆರಳುಗಳಿಗೆ ಅಂಟು ಮೆತ್ತಿತ್ತು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೇ ಅವನು ಎರಡು ಸಲ "ಯಾರದು?" ಎಂದು ಕೇಳಿದ.

"ನಂದೇ ಕಣೋ. ಇನ್ಯಾರದು? ಐವತ್ತೇಳಕ್ಕೆ ಮದುವೆ ಆಗಬಾರದು ಅಂತ ಎಲ್ಲಾದ್ರೂ ಬರೆದಿದೆಯಾ?"

"ಹಾಗಲ್ಲ ಅಕ್ಕ. ಹುಡುಗ..."

"ಹುಡುಗನಿಗೆ ಅರವತ್ತೆರಡು. ಟ್ರಾಮ್ ಓಡಿಸ್ತಿದ್ದ, ಈಗ ನಿವೃತ್ತಿಯಾಗಿದೆ. ಬಂದು ನೋಡಿ ಒಪ್ಪಿಗೆ ಹೇಳು. ಒಪ್ಪದಿದ್ರೂ ಮದುವೆ ನಿಲ್ಲಲ್ಲ."

ಅಕ್ಕ ಯುರೋಪಿನ ಆ ದೇಶಕ್ಕೆ ನರ್ಸ್ ಆಗಿ ಹೋಗಿ ಇಪ್ಪತ್ತೆಂಟು ವರ್ಷವಾಗಿತ್ತು. ಅದಕ್ಕೂ ಮೊದಲು, ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದಮೇಲೆ, ತಮ್ಮನನ್ನು ಸಾಕಿದವಳು ಅವಳೇ. ಬಂದ ಎರಡು ಸಂಬಂಧಗಳನ್ನು "ಇವನೊಬ್ಬ ದಡ ಸೇರಲಿ" ಎಂದು ವಾಪಸು ಕಳಿಸಿದ್ದಳು. ಮೂರನೆಯದು ಬರಲಿಲ್ಲ. ತಮ್ಮ ದಡ ಸೇರಿ, ಪುಸ್ತಕ ಬೈಂಡಿಂಗಿನಲ್ಲಿ ಹೆಸರು ಮಾಡಿ, ಮದುವೆಯಾಗಿ, ನಲವತ್ತೊಂಬತ್ತಕ್ಕೆ ಕನ್ನಡಕ ಹಾಕಿಕೊಂಡು ಕೂತಿದ್ದ. ಅಕ್ಕನ ಆ ಲೆಕ್ಕ ಮಾತ್ರ ಅವನ ಎದೆಯಲ್ಲಿ ತೀರಿರಲಿಲ್ಲ.

"ಇಪ್ಪತ್ನಾಲ್ಕನೇ ತಾರೀಕು ನಗರಸಭೆ ಕಚೇರೀಲಿ ನೋಂದಣಿ," ಎಂದಳು ಅಕ್ಕ. "ಎರಡು ಸಾಕ್ಷಿ ಬೇಕು. ಅವನ ಕಡೆಯಿಂದ ಅವನ ಅಣ್ಣ. ನನ್ನ ಕಡೆಯಿಂದ ನೀನು. ನಿನ್ನ ಬಿಟ್ಟು ನನ್ನ ಕಡೆ ಅಂತ ಯಾರಿದಾರೋ? ನೀನು ಬರದಿದ್ರೆ ಆ ಕಚೇರಿ ಗುಮಾಸ್ತನ್ನೇ ನಿಲ್ಲಿಸಿಕೋಬೇಕು."

ಬೈಂಡರ್ ದಬ್ಬಣ ಕೆಳಗಿಟ್ಟ. "ಬರ್ತೀನಿ," ಎಂದ. ಮದುವೆಗೆ ಆಗ ಸರಿಯಾಗಿ ಮೂರು ತಿಂಗಳಿತ್ತು. ಬರುವುದು ಎಂದರೆ ಟಿಕೆಟ್ ತೆಗೆದು ವಿಮಾನ ಹತ್ತುವುದು ಎಂದಷ್ಟೇ ಅವನು ತಿಳಿದಿದ್ದ.

ತಿಳಿವಳಿಕೆ ಹೇಳಿದವನು ಪಕ್ಕದ ಮುದ್ರಣಾಲಯದ ಪ್ರೂಫ್ ರೀಡರ್. ಅವನ ಮಾತಿಗೆ ಪೂರ್ಣವಿರಾಮ ಇಲ್ಲವಾದ್ದರಿಂದ ಇಡೀ ಬೀದಿ ಅವನನ್ನು ಅಲ್ಪವಿರಾಮ ಎಂದೇ ಕರೆಯುತ್ತಿತ್ತು. ಹಿಂದೊಮ್ಮೆ ಹತ್ತು ದಿನ ಯುರೋಪು ಸುತ್ತಿ ಬಂದಿದ್ದರಿಂದ ಆ ವಿಷಯದಲ್ಲಿ ಅವನದೇ ಕೊನೆಯ ಮಾತು. ಕೊನೆ ಮಾತ್ರ ಬರುತ್ತಿರಲಿಲ್ಲ.

"ಕೇಳಯ್ಯ ಇಲ್ಲಿ. ವೀಸಾ ಸಿಕ್ಕಿದ್ರೂ ನೂರ ಎಂಬತ್ತು ದಿನದಲ್ಲಿ ತೊಂಬತ್ತು ದಿನ ಮಾತ್ರ ಅಲ್ಲಿರಬಹುದು. ಅದೇ ಮೂಲಸೂತ್ರ."

"ಆರು ತಿಂಗಳಲ್ಲಿ ಮೂರು ತಿಂಗಳು. ಸರಿ."

"ತಿಂಗಳಲ್ಲ, ದಿನ! ಮತ್ತೆ ಜನವರಿಯಿಂದ ಜೂನ್ ಅಂತಲೂ ಅಲ್ಲ. ನೀನು ಯಾವ ದಿನ ಅಲ್ಲಿ ನಿಂತಿರ್ತೀಯೋ ಆ ದಿನದಿಂದ ಹಿಂದಕ್ಕೆ ನೂರ ಎಂಬತ್ತು ಎಣಿಸಬೇಕು. ಮಾರನೇ ದಿನ ಮತ್ತೆ ಹೊಸದಾಗಿ ಎಣಿಸಬೇಕು. ಹೋದ ದಿನ ಒಂದು, ಬಿಟ್ಟ ದಿನ ಒಂದು, ಎರಡೂ ಲೆಕ್ಕಕ್ಕೆ. ಮೇಲಾಗಿ ಒಂದೇ ವೀಸಾದಲ್ಲಿ ಗಡಿ ಒಪ್ಪಂದ ಮಾಡಿಕೊಂಡ ಎಲ್ಲಾ ದೇಶಗಳೂ ಬರುತ್ವೆ, ಪಕ್ಕದ ದೇಶದಲ್ಲಿ ಕಳೆದ ದಿನವೂ ಇದರಲ್ಲೇ ಸೇರುತ್ತೆ, ಆದ್ರೆ ಯುರೋಪಿನ ಎಲ್ಲಾ ದೇಶಗಳೂ ಅದರಲ್ಲಿಲ್ಲ, ಅದೇನಪ್ಪಾ ಅಂದ್ರೆ..."

ಬೈಂಡರ್ ತಲೆ ಅಲ್ಲಾಡಿಸಿದ. ಅರ್ಥವಾಗದ ವಿಷಯವನ್ನು ಕೈಗೆ ಕೊಟ್ಟು ಅರ್ಥ ಮಾಡಿಸುವುದು ಅವನ ಅಭ್ಯಾಸ. ಆ ಮಧ್ಯಾಹ್ನ ಅವನು ರಟ್ಟಿನ ಉದ್ದ ಪಟ್ಟಿಯೊಂದರ ಮೇಲೆ ವರ್ಷದ ಮುನ್ನೂರ ಅರವತ್ತೈದು ಮನೆಗಳನ್ನು ಗೆರೆ ಹಾಕಿ, ಇನ್ನೊಂದು ರಟ್ಟಿನಲ್ಲಿ ಸರಿಯಾಗಿ ನೂರ ಎಂಬತ್ತು ಮನೆ ಕಾಣುವಷ್ಟು ಕಿಟಕಿ ಕತ್ತರಿಸಿದ. ಕಿಟಕಿಯನ್ನು ಪಟ್ಟಿಯ ಮೇಲೆ ಜರುಗಿಸುತ್ತಾ ಹೋದರೆ ಯಾವ ದಿನಕ್ಕೆ ಎಷ್ಟು ದಿನ ಉಳಿದಿದೆ ಎಂಬುದು ಥಟ್ಟನೆ ತಿಳಿಯುತ್ತಿತ್ತು. ಮನೆಗೆ ಒಯ್ದು ಹೆಂಡತಿಯ ಮುಂದಿಟ್ಟ.

ಹೆಂಡತಿ ಶಾಲೆಯ ಕಚೇರಿಯಲ್ಲಿ ಗುಮಾಸ್ತೆ. ಇಪ್ಪತ್ತು ವರ್ಷ ಹಾಜರಿ ಪುಸ್ತಕ ನೋಡಿದವಳು. ಕಿಟಕಿಯನ್ನು ಒಂದು ಸಲ ಆಚೆಗೆ, ಒಂದು ಸಲ ಈಚೆಗೆ ಎಳೆದಳು.

"ಚೆನ್ನಾಗಿದೆ ರೀ. ನೀವು ಅಲ್ಲಿರೋದು ಎಷ್ಟು ದಿನ?"

"ಹನ್ನೆರಡು."

"ಮೊದಲು ಯಾವತ್ತಾದ್ರೂ ಹೋಗಿದೀರಾ?"

"ಇಲ್ಲ."

"ಹಾಗಾದ್ರೆ ನೂರ ಎಂಬತ್ತು ಯಾಕೆ ಬೇಕು?"

ಬೈಂಡರ್ ಕಿಟಕಿಯನ್ನು ಪಟ್ಟಿಯಿಂದ ಜಾರಿಸಿ ತೆಗೆದ. ಆದರೂ ಆ ರಟ್ಟನ್ನು ಅವನು ಎಸೆಯಲಿಲ್ಲ. ಅಷ್ಟು ನೇರವಾಗಿ ಕತ್ತರಿಸಿದ್ದ.

ಹೆಂಡತಿ ವೀಸಾ ಕೇಂದ್ರದ ಪಟ್ಟಿ ಇಳಿಸಿಕೊಂಡಳು. ಹದಿನೇಳು ಐಟಂ. ಅಕ್ಕನ ಆಹ್ವಾನ ಪತ್ರ, ಅದಕ್ಕೆ ಅಲ್ಲಿನ ನಗರಸಭೆಯ ಮುದ್ರೆ. ವಾಪಸು ಬರುವ ಟಿಕೆಟ್ಟಿನ ಬುಕಿಂಗ್. ಪ್ರಯಾಣದ ಆರೋಗ್ಯ ವಿಮೆ. ಊರಿಗೆ ಮರಳಿ ಬರಲು ಕಾರಣವಿದೆ ಎಂದು ತೋರಿಸುವ ದಾಖಲೆ.

"ಇದೇನಿದು?" ಎಂದು ಬೈಂಡರ್ ಬೆರಳಿಟ್ಟ. "ಮನೆಗೆ ವಾಪಸು ಬರೋಕೂ ಕಾರಣ ಕೊಡಬೇಕಾ?"

"ಕೊಡಬೇಕು. ನಾನಿದೀನಿ ಅಂತ ಬರೀರಿ. ಸಾಲದಿದ್ರೆ ಅಂಗಡಿ ಇದೆ ಅಂತ ಬರೀರಿ."

"ಯಾವುದನ್ನ ಮೊದಲು ಬರೀಲಿ?"

ಹೆಂಡತಿ ಕನ್ನಡಕದ ಮೇಲಿಂದ ನೋಡಿದಳು. ಬೈಂಡರ್ ಅವಳನ್ನೇ ಮೊದಲು ಬರೆದ.

ಪಟ್ಟಿಯ ಮೊದಲ ಐಟಂ ಪಾಸ್‌ಪೋರ್ಟ್. ಕೊಟ್ಟು ಹತ್ತು ವರ್ಷ ಮೀರಿರಬಾರದು, ಹಿಂದಿರುಗುವ ದಿನದ ನಂತರ ಕನಿಷ್ಠ ಮೂರು ತಿಂಗಳು ಜೀವ ಇರಬೇಕು, ಎರಡು ಪುಟ ಖಾಲಿ ಇರಬೇಕು. ಒಂಬತ್ತು ವರ್ಷದ ಹಿಂದೆ, ಅಕ್ಕ ಒಮ್ಮೆ ಕರೆದಿದ್ದಾಗ ಮಾಡಿಸಿದ ಪಾಸ್‌ಪೋರ್ಟ್ ಟ್ರಂಕಿನ ತಳದಲ್ಲಿತ್ತು. ಆಗ ಹೋಗಲಾಗಿರಲಿಲ್ಲ, ಪುಟಗಳೆಲ್ಲ ಖಾಲಿ. ಹೆಂಡತಿ ತಿಂಗಳು ಎಣಿಸಿ "ಸರಿಯಾಗಿದೆ" ಎಂದಳು.

ಬೈಂಡರ್ ಅದನ್ನು ಕೈಗೆತ್ತಿಕೊಂಡ. ಸರಿಯಾಗಿರಲಿಲ್ಲ. ಬೆನ್ನು ಬಿಟ್ಟಿತ್ತು. ನಡುವಿನ ಹೊಲಿಗೆ ಎರಡು ಕಡೆ ಹರಿದು ಹಾಳೆಗಳು ಜೋತುಬಿದ್ದಿದ್ದವು. ಹೊದಿಕೆಯ ಮೂಲೆ ತೇವಕ್ಕೆ ಉಬ್ಬಿ ಮುದುಡಿತ್ತು. ಇಂಥ ಪುಸ್ತಕವನ್ನು ಯಾರಾದರೂ ತಂದುಕೊಟ್ಟಿದ್ದರೆ ಅವನು ಬೈದು ಇಟ್ಟುಕೊಳ್ಳುತ್ತಿದ್ದ. ಇದನ್ನು ಹಿಡಿದುಕೊಂಡು ಅಕ್ಕನ ದೇಶದ ಬಾಗಿಲಿಗೆ ಹೋಗುವುದೆಂದರೆ ಹರಿದ ಅಂಗಿಯಲ್ಲಿ ಮದುವೆಗೆ ಹೋದಹಾಗೆ ಎಂದು ಅವನಿಗೆ ಅನ್ನಿಸಿತು.

ಮಾರನೆಯ ದಿನ ಕೆಲಸ ಶುರುವಾಗುವ ಮೊದಲೇ ಕೂತ. ಹಳೆಯ ದಾರ ಬಿಡಿಸಿದ. ಮೂವತ್ತಾರು ಪುಟ, ಒಂಬತ್ತು ಜೋಡಿ ಹಾಳೆ. ಪ್ರತಿ ಪುಟದಲ್ಲೂ ಸಣ್ಣ ತೂತುಗಳಲ್ಲಿ ಕೊರೆದ ಪಾಸ್‌ಪೋರ್ಟ್ ಸಂಖ್ಯೆ. ಸೂಜಿ ತೂರಿಸಿ ಆ ತೂತುಗಳೆಲ್ಲ ಒಂದೇ ಗೆರೆಗೆ ಬರುವಂತೆ ಹಾಳೆಗಳನ್ನು ಕೂಡಿಸಿದ. ಒಳ್ಳೆಯ ದಾರಕ್ಕೆ ಮೇಣ ಸವರಿ ಹಳೆಯ ರಂಧ್ರಗಳಲ್ಲೇ ಹೊಲಿದ. ಹುಳು ಬಾರದಿರಲೆಂದು ಮೈಲುತುತ್ತ ಬೆರೆಸಿದ ಅಂಟು ಹಚ್ಚಿ ಹೊದಿಕೆ ಕೂರಿಸಿ, ಪ್ರೆಸ್ಸಿನ ಅಡಿಯಲ್ಲಿಟ್ಟು ತಿರುಪು ಬಿಗಿದ. ಸಂಜೆ ತೆಗೆದಾಗ ಪಾಸ್‌ಪೋರ್ಟ್ ಮೊನ್ನೆ ಹುಟ್ಟಿದ ಹಾಗಿತ್ತು. ಕೊನೆಗೆ, ಇಪ್ಪತ್ತಾರು ವರ್ಷದಿಂದ ತನ್ನ ಬೆಂಚು ಬಿಟ್ಟು ಹೋಗುವ ಪ್ರತಿ ಪುಸ್ತಕಕ್ಕೂ ಮಾಡುವಂತೆ, ಹಿಂದಿನ ಹೊದಿಕೆಯ ಒಳಮೂಲೆಯಲ್ಲಿ ಹೆಬ್ಬೆರಳ ಉಗುರಿನಷ್ಟು ಚೀಟಿಯೊಂದನ್ನು ಅಂಟಿಸಿದ. ಅದರಲ್ಲಿ ಅಂಗಡಿಯ ವಿಳಾಸವೂ "ಇಲ್ಲಿ ಬೈಂಡ್ ಮಾಡಲಾಗಿದೆ" ಎಂಬ ಮಾತೂ ಇದ್ದವು. ಅಂಟಿಸಿದ್ದು ಅವನ ಗಮನಕ್ಕೂ ಬರಲಿಲ್ಲ. ಕೈ ತನ್ನಷ್ಟಕ್ಕೆ ಮಾಡುವ ಕೆಲಸ ಅದು.

ವೀಸಾ ಕೇಂದ್ರದಲ್ಲಿ ಸರದಿ ಸಿಕ್ಕಿದ್ದು ಮದುವೆಗೆ ಆರು ವಾರ ಇದ್ದಾಗ. ಗಾಜಿನ ಆಚೆ ಕೂತ ಹೆಂಗಸು ಹದಿನೇಳು ಐಟಂಗಳಿಗೂ ಸರಸರ ಗುರುತು ಹಾಕಿದಳು. "ತುಂಬಾ ಅಚ್ಚುಕಟ್ಟಾಗಿ ಜೋಡಿಸಿದೀರಾ," ಎಂದಳು. ಬೈಂಡರ್ ಹಿಗ್ಗಿದ. ಪಾಸ್‌ಪೋರ್ಟ್ ತೆರೆದಳು, ಖಾಲಿ ಪುಟ ಎಣಿಸಿದಳು, ಕೊನೆಯ ಹೊದಿಕೆಗೆ ಬಂದಳು. ಅಲ್ಲೇ ನಿಂತಳು.

"ಇದೇನು ಸರ್?"

"ಯಾವುದು?"

"ಇಲ್ಲಿ ಬೈಂಡ್ ಮಾಡಲಾಗಿದೆ ಅಂತಿದೆ."

"ಹೌದು," ಎಂದ ಬೈಂಡರ್. "ನಮ್ಮದೇ ಅಂಗಡಿ."

ಅವಳು ಎದ್ದು ಹೋಗಿ ಮೇಲ್ವಿಚಾರಕನನ್ನು ಕರೆತಂದಳು. ಆತ ಬೆನ್ನನ್ನು ಬಗ್ಗಿಸಿ ನೋಡಿದ, ದಾರವನ್ನು ಉಗುರಿನಿಂದ ಮುಟ್ಟಿದ, ಮೂಸಿಯೂ ನೋಡಿದ. ಮೈಲುತುತ್ತದ ಅಂಟು ಸ್ವಲ್ಪ ವಾಸನೆ ಬರುತ್ತದೆ.

"ಇದನ್ನ ಬಿಡಿಸಿದ್ರಾ?"

"ಬಿಡಿಸದೆ ಹೊಲಿಯೋದು ಹೇಗೆ ಸರ್?"

"ಪಾಸ್‌ಪೋರ್ಟ್ ಬಿಡಿಸೋ ಹಾಗಿಲ್ಲ. ಯಾರೂ ಬಿಡಿಸೋ ಹಾಗಿಲ್ಲ. ಇದು ಇನ್ನು ನಡೆಯಲ್ಲ. ಅರ್ಜಿ ತಗೊಳಕ್ಕಾಗಲ್ಲ."

"ನಾನೇನೂ ತಿದ್ದಿಲ್ಲ. ರಿಪೇರಿ ಮಾಡಿದೀನಿ ಅಷ್ಟೆ."

"ಅದೇ ತೊಂದರೆ. ಹೊಸದು ಮಾಡಿಸ್ಕೊಂಡು ಬನ್ನಿ. ಆದ್ರೆ ನೆನಪಿರಲಿ, ಪ್ರಯಾಣಕ್ಕೆ ಹದಿನೈದು ದಿನಕ್ಕಿಂತ ಕಡಿಮೆ ಇದ್ರೆ ಅರ್ಜಿ ತಗೊಳಲ್ಲ."

ಬೈಂಡರ್ ಹದಿನೇಳು ಐಟಂಗಳನ್ನು ಎದೆಗವಚಿಕೊಂಡು ಮೆಟ್ಟಿಲಿಳಿದ. ಹರಿದದ್ದನ್ನು ಹೊಲಿದದ್ದು ತಪ್ಪು ಎಂದರೆ ಹರಿದದ್ದೇ ಸರಿಯಿತ್ತೇ? ರಸ್ತೆ ದಾಟುವಾಗಲೂ ಅವನಿಗೆ ಅದೇ ಯೋಚನೆ. ಒಂದು ಬಸ್ಸು ಅವನಿಗಾಗಿ ಬ್ರೇಕು ಹಾಕಿತು, ಡ್ರೈವರ್ ಏನೋ ಅಂದ; ಅದೂ ಕೇಳಿಸಲಿಲ್ಲ.

ಹೆಂಡತಿ ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದು ಎರಡು ಸಲ ಓದಿದಳು. ಆಮೇಲೆ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು.

"ಕಳ್ಳ ಕದ್ದ ಮನೇಲಿ ತನ್ನ ವಿಳಾಸ ಬರೆದಿಟ್ಟು ಬಂದ ಹಾಗಾಯ್ತಲ್ರೀ!"

"ಕದ್ದಿಲ್ಲ ಕಣೇ."

"ಗೊತ್ತು. ಅದಕ್ಕೇ ಬರೆದಿಟ್ಟಿದೀರಿ." ಅಷ್ಟು ಹೇಳಿ ಅವಳೇ ಪಾಸ್‌ಪೋರ್ಟ್ ಕಚೇರಿಯ ಅರ್ಜಿ ತುಂಬಲು ಕೂತಳು. ಅಲ್ಲಿಯೂ ಒಂದು ಗಂಟು ಕಾದಿತ್ತು. ಹೊಸ ಪಾಸ್‌ಪೋರ್ಟ್ ಬೇಕಾದ ಕಾರಣಕ್ಕೆ ನಾಲ್ಕು ಚೌಕಗಳಿದ್ದವು: ಅವಧಿ ಮುಗಿದಿದೆ, ಪುಟ ಮುಗಿದಿದೆ, ಕಳೆದುಹೋಗಿದೆ, ಹಾಳಾಗಿದೆ.

"ಹಾಳಾಗಿದೆ ಅಂತ ಹಾಕಲಾ?"

"ಹಾಳಾಗಿಲ್ಲ. ಚೆನ್ನಾಗಾಗಿದೆ."

"ಚೆನ್ನಾಗಾಗಿದೆ ಅನ್ನೋ ಚೌಕ ಇಲ್ಲ ರೀ!"

ಪಾಸ್‌ಪೋರ್ಟ್ ಕಚೇರಿಯ ಅಧಿಕಾರಿಗೂ ಅದೇ ಗೊಂದಲ. ಬಿಳಿ ಮೀಸೆಯ, ನಿಧಾನದ ಮನುಷ್ಯ. ಮೇಜಿನ ಮೇಲೆ ದಪ್ಪ ರಿಜಿಸ್ಟರುಗಳ ಗುಡ್ಡೆ. ಒಂದೊಂದರ ಬೆನ್ನೂ ಕಿತ್ತುಬಂದಿತ್ತು. ಬೈಂಡರ್ ಆ ಕಡೆ ನೋಡದಿರಲು ಪ್ರಯತ್ನಪಟ್ಟ.

"ಹರಿದಿದ್ರೆ ಹರಿದಿದೆ ಅಂತ ಬರೆದು ಹೊಸದು ಕೊಡ್ತಿದ್ದೆ," ಎಂದ ಅಧಿಕಾರಿ. "ಇದರಲ್ಲಿ ಹರಿದದ್ದೇ ಕಾಣಲ್ಲ. ಹಾಳೆ ಬದಲಾಯಿಸಿಲ್ಲ ಅಂತ ನಾನು ಹೇಗೆ ನಂಬಲಿ?"

"ಬೆಳಕಿಗೆ ಹಿಡೀರಿ ಸರ್."

ಅಧಿಕಾರಿ ಹಿಡಿದ. ಮೂವತ್ತಾರು ಪುಟಗಳ ತೂತುಗಳಲ್ಲಿ ಕಿಟಕಿಯ ಬೆಳಕು ಸೀದಾ ತೂರಿಬಂತು. ಸಂಖ್ಯೆಯ ಒಂದೊಂದು ಅಂಕಿಯೂ ಚುಕ್ಕಿಚುಕ್ಕಿಯಾಗಿ ಹೊಳೆಯಿತು.

"ಹಾಳೆ ಬದಲಾಗಿದ್ರೆ ತೂತು ಕೂಡಿಬರ್ತಿರಲಿಲ್ಲ," ಎಂದ ಬೈಂಡರ್. "ಸೂಜಿ ಹಾಕಿ ಕೂಡಿಸಿದೀನಿ."

"ನಮ್ಮಲ್ಲಿಂದ ಹೊಸದಾಗಿ ಹೋಗೋದೂ ಇಷ್ಟು ನೇರ ಇರಲ್ಲ," ಎಂದು ಅಧಿಕಾರಿ ಒಪ್ಪಿಕೊಂಡ. ಆದರೆ ಒಪ್ಪಿಕೊಂಡದ್ದರಿಂದ ಏನೂ ಆಗಲಿಲ್ಲ. ನಡೆದದ್ದನ್ನು ವಿವರವಾಗಿ ಬರೆದು ಸಹಿ ಹಾಕಬೇಕು, ಅದು ಮೇಲಿನ ಕಚೇರಿಗೆ ಹೋಗಬೇಕು, ವಿಚಾರಣೆ ಆಗಬೇಕು. ಎಷ್ಟು ದಿನ ಎಂಬ ಪ್ರಶ್ನೆಗೆ ಅಧಿಕಾರಿ ಮೀಸೆ ಸವರಿಕೊಂಡ. ಬೈಂಡರ್ ಒಂದೂವರೆ ಪುಟ ಬರೆದ. ಯಾವ ದಾರ, ಎಷ್ಟು ಗಂಟು, ಅಂಟಿನಲ್ಲಿ ಏನೇನು ಎಂಬುದನ್ನೂ ಬಿಡಲಿಲ್ಲ. ಯಾಕೆ ಎಂಬಲ್ಲಿ ಬಂದು ಲೇಖನಿ ನಿಂತಿತು. "ಹರಿದದ್ದನ್ನು ನೋಡಲಾಗಲಿಲ್ಲ" ಎಂದು ಬರೆದ.

ಅಂದು ಸಂಜೆ ಅಕ್ಕನಿಗೆ ಹೇಳಲೇಬೇಕಾಯಿತು. ಅವಳು ಪೂರ್ತಿ ಕೇಳಿಸಿಕೊಂಡಳು.

"ನೀನು ಚಿಕ್ಕೋನಿದ್ದಾಗ ನನ್ನ ಅಂಕಪಟ್ಟಿ ಎಲ್ಲಾ ಹೀಗೇ ಸೇರಿಸಿ ಹೊಲಿದುಬಿಟ್ಟಿದ್ದೆ, ನೆನಪಿದೆಯಾ? ಕೆಲಸದ ಸಂದರ್ಶನದಲ್ಲಿ ಒಂದನ್ನೂ ಹೊರಗೆ ತೆಗೆಯಕ್ಕಾಗಲಿಲ್ಲ."

"ಕೆಲಸ ಸಿಕ್ತಲ್ಲ ಅಕ್ಕ."

"ಸಿಕ್ತು. ಆದ್ರೆ ಈಗ ಇನ್ನೊಂದು ಕೇಳು. ಸಾಕ್ಷಿ ಅಂತ ನಿನ್ನ ಹಳೇ ಪಾಸ್‌ಪೋರ್ಟ್ ಸಂಖ್ಯೆ ಇಲ್ಲಿ ಕೊಟ್ಟಾಗಿದೆ. ಹೊಸದು ಬಂದ್ರೆ ಸಂಖ್ಯೆ ಬೇರೆ. ಆಹ್ವಾನ ಪತ್ರವೂ ಬೇರೆ ಆಗಬೇಕು. ಮದುವೆ ದಿನ ಜರುಗಿಸಿದ್ರೆ ಮುಂದಿನ ಖಾಲಿ ದಿನ ನಾಲ್ಕು ತಿಂಗಳಾದ ಮೇಲೆ."

"ಹಾಗಾದ್ರೆ?"

"ಜರುಗಿಸಲ್ಲ ಕಣೋ," ಎಂದಳು ಅಕ್ಕ. ದನಿ ಮೆತ್ತಗಿತ್ತು. "ಒಂದು ಸಲ ಜರುಗಿಸಿ ಮೂವತ್ತು ವರ್ಷ ಆಯ್ತು. ನೀನು ಪ್ರಯತ್ನ ಮಾಡು. ಬಂದ್ರೆ ಬಾ, ಇಲ್ಲದಿದ್ರೆ ಗುಮಾಸ್ತ ಇದಾನೆ."

ಅದರಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಬೈಂಡರಿಗೆ ಹಗುರವಾಗುತ್ತಿತ್ತು.

ಮೂರು ವಾರ ಅವನ ಕೈಗೆ ಕೆಲಸ ಹತ್ತಲಿಲ್ಲ. ಒಂದು ನಿಘಂಟಿನ ಹಾಳೆ ಕಟ್ಟುಗಳನ್ನು ಹಿಂದುಮುಂದಾಗಿ ಹೊಲಿದ. ಬಿಚ್ಚಿ ಮತ್ತೆ ಹೊಲಿದ. ಅಲ್ಪವಿರಾಮ ದಿನಕ್ಕೊಂದು ನಿಯಮ ಹೊತ್ತು ತರುತ್ತಿದ್ದ. ವೀಸಾ ಸಿಕ್ಕಿದರೂ ಒಳಗೆ ಬಿಡಬೇಕೆಂದಿಲ್ಲ, ಅದು ಬಾಗಿಲವರೆಗೆ ಹೋಗುವ ಅನುಮತಿ ಮಾತ್ರ, ಒಳಗೆ ಬಿಡುವವನು ಗಡಿಯ ಅಧಿಕಾರಿ ಎಂದು ಅವನು ಹೇಳಿದ ದಿನ ಬೈಂಡರ್ ಅಂಟಿನ ಕುಂಚವನ್ನು ಚಹಾದ ಲೋಟಕ್ಕೆ ಅದ್ದಿದ.

"ಹಾಗಾದ್ರೆ ವೀಸಾ ಯಾತಕ್ಕಯ್ಯ?"

"ವೀಸಾ ಇಲ್ಲದಿದ್ರೆ ಬಾಗಿಲವರೆಗೂ ಹೋಗಕ್ಕಾಗಲ್ವಲ್ಲ!" ಎಂದ ಅಲ್ಪವಿರಾಮ, ಮೊದಲ ಬಾರಿಗೆ ಅಲ್ಲಿಗೇ ನಿಲ್ಲಿಸಿ.

ಹೊಸ ಪಾಸ್‌ಪೋರ್ಟ್ ಅಂಚೆಯಲ್ಲಿ ಬಂದಾಗ ಪ್ರಯಾಣಕ್ಕೆ ಹದಿನೇಳು ದಿನ ಉಳಿದಿತ್ತು. ಜೊತೆಗೆ ಹಳೆಯದೂ ಬಂದಿತ್ತು, ಮೂಲೆ ಕತ್ತರಿಸಿ, "ರದ್ದು" ಎಂಬ ಮುದ್ರೆ ಒತ್ತಿಸಿಕೊಂಡು. ಹೆಂಡತಿ ಹೊಸದನ್ನು ಅವನ ಕೈಗೆ ಕೊಡಲಿಲ್ಲ. ನೇರ ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಅಕ್ಕ ಅಂದೇ ಹೊಸ ಸಂಖ್ಯೆಯ ಆಹ್ವಾನ ಪತ್ರ ಮಾಡಿಸಿ ಫೋನಿಗೆ ಕಳಿಸಿದಳು. ಮಾರನೆಯ ದಿನ, ಯಾರೋ ಬಿಟ್ಟುಕೊಟ್ಟ ಸರದಿಯಲ್ಲಿ, ಅದೇ ಗಾಜಿನ ಮುಂದೆ ಗಂಡ ಹೆಂಡತಿ ನಿಂತರು.

"ಹದಿನಾರು ದಿನ," ಎಂದಳು ಗಾಜಿನ ಆಚೆಯ ಹೆಂಗಸು ಕ್ಯಾಲೆಂಡರ್ ನೋಡಿ. ಆಮೇಲೆ ಹೊಸ ಪಾಸ್‌ಪೋರ್ಟಿನ ಕೊನೆಯ ಹೊದಿಕೆ ತೆರೆದು ನೋಡಿದಳು. ಬೈಂಡರ್ ತಲೆ ತಗ್ಗಿಸಿದ. ಅಲ್ಲಿ ಏನೂ ಇರಲಿಲ್ಲ.

ವೀಸಾ ಬಂದದ್ದು ವಿಮಾನಕ್ಕೆ ಮೂರು ದಿನ ಇದ್ದಾಗ. ಸಂತೋಷಪಡಲು ಬಿಡುವಾಗಲಿಲ್ಲ, ಏಕೆಂದರೆ ಅಂಟಿಸಿದ ವೀಸಾದ ಮೇಲಿನ ತಾರೀಕುಗಳು ಇಪ್ಪತ್ತೊಂದರಿಂದ ಮುಂದಿನ ತಿಂಗಳ ಹದಿನೇಳರವರೆಗೆ ಎನ್ನುತ್ತಿದ್ದವು, ಅಂದರೆ ಇಪ್ಪತ್ತೇಳು ದಿನ. ಕೆಳಗೆ ಇನ್ನೊಂದು ಚೌಕದಲ್ಲಿ ಹನ್ನೆರಡು ಎಂದಿತ್ತು.

"ಯಾವುದು ನಿಜ?" ಎಂದ ಬೈಂಡರ್. ಹೆಂಡತಿಗೂ ತಿಳಿಯಲಿಲ್ಲ. ಅಕ್ಕನಿಗೇ ಫೋನು ಹೋಯಿತು.

"ಎರಡೂ ನಿಜ. ಬಾಗಿಲು ಇಪ್ಪತ್ತೇಳು ದಿನ ತೆರೆದಿರುತ್ತೆ. ಅಷ್ಟರೊಳಗೆ ಯಾವತ್ತು ಬೇಕಾದ್ರೂ ಬಾ, ಆದ್ರೆ ಒಳಗಿರೋದು ಹನ್ನೆರಡೇ ದಿನ."

ಬೈಂಡರ್ ಹಳೆಯ ರಟ್ಟಿನ ಪಟ್ಟಿ ಹುಡುಕಿ ತಂದು, ಅದರ ಕಿಟಕಿಯನ್ನು ಹನ್ನೆರಡು ಮನೆಗೆ ಚಿಕ್ಕದು ಮಾಡಿ, ಇಪ್ಪತ್ತೇಳರ ಮೇಲೆ ಜರುಗಿಸಿ ನೋಡಿದ. ಆಗ ತಿಳಿಯಿತು. ಹೆಂಡತಿ ಈ ಸಲ ನಗಲಿಲ್ಲ. ಅದನ್ನು ಅವನ ಕೈಚೀಲಕ್ಕೆ ಹಾಕಿದಳು.

ಇಪ್ಪತ್ತೊಂದನೆಯ ತಾರೀಕು ಬೆಳಿಗ್ಗೆ ಅವನು ಅಕ್ಕನ ದೇಶದ ಆ ಬಾಗಿಲ ಮುಂದೆ ನಿಂತ. ಉದ್ದನೆಯ ಹಜಾರ, ಹಗ್ಗ ಕಟ್ಟಿದ ಸಾಲುಗಳು, ಸಾಲಿನ ತುದಿಗೆ ಗಾಜಿನ ಗೂಡು. ವಿಮಾನದಲ್ಲಿ ಮೊದಲ ಬಾರಿಗೆ ಹೊಸ ಪಾಸ್‌ಪೋರ್ಟ್ ಒಬ್ಬನೇ ಇಟ್ಟುಕೊಂಡಿದ್ದ. ನಡುವಿನ ಮಡಿಕೆಯಲ್ಲಿ ದಾರದ ತುದಿಯೊಂದು ಅರ್ಧ ಬೆರಳುದ್ದ ಹೊರಗೆ ಚಾಚಿಕೊಂಡಿತ್ತು. ಗಂಟು ಸಡಿಲ. ಒಂದು ಸೂಜಿ, ಎರಡು ನಿಮಿಷದ ಕೆಲಸ. ಹತ್ತು ಗಂಟೆ ಪ್ರಯಾಣದುದ್ದಕ್ಕೂ ಬೈಂಡರ್ ಎರಡೂ ಕೈ ತೊಡೆಯಡಿ ಹಾಕಿಕೊಂಡು ಕೂತಿದ್ದ. ಪಕ್ಕದವರು ಚಳಿಯೇ ಎಂದು ಕೇಳಿದರು.

ಗೂಡಿನ ಅಧಿಕಾರಿಗೆ ವಯಸ್ಸು ಕಡಿಮೆ. ಇಂಗ್ಲಿಷಿನಲ್ಲಿ ಕೇಳಿದ, ಬೈಂಡರ್ ಬಾಯಿಪಾಠ ಮಾಡಿದ ಇಂಗ್ಲಿಷಿನಲ್ಲಿ ಉತ್ತರಿಸಿದ. ಯಾಕೆ ಬಂದೆ? ಮದುವೆ. ಯಾರದು? ಅಕ್ಕನದು. ಎಷ್ಟು ದಿನ? ಹನ್ನೆರಡು.

ಅಧಿಕಾರಿ ಆಹ್ವಾನ ಪತ್ರ ಓದಿದ, ಅದರಲ್ಲಿ ಅಕ್ಕನ ಹುಟ್ಟಿದ ವರ್ಷದ ಬಳಿ ಒಂದು ಕ್ಷಣ ತಡೆದ. ಪರದೆ ನೋಡಿದ. ಪಾಸ್‌ಪೋರ್ಟ್ ಇಷ್ಟು ಹೊಸದು ಯಾಕೆ, ಹಳೆಯದು ಇದೆಯೇ ಎಂದು ಕೇಳಿದ.

ಇದಕ್ಕೆ ಬಾಯಿಪಾಠ ಇರಲಿಲ್ಲ. ಬೈಂಡರ್ ಬ್ಯಾಗಿನಿಂದ ಹಳೆಯದನ್ನು ತೆಗೆದುಕೊಟ್ಟ. ಬೇಡವಾಗಿತ್ತೇನೋ ಎಂದು ಕೊಟ್ಟಮೇಲೆ ಅನ್ನಿಸಿತು. ಅಧಿಕಾರಿ ಪುಟ ತಿರುವಿ ಕೊನೆಗೆ ಬಂದು ಚೀಟಿಯ ಮೇಲೆ ಬೆರಳಿಟ್ಟ. ಇದೇನು ಎಂಬಂತೆ ಹುಬ್ಬೇರಿಸಿದ.

ಬೈಂಡರ್ ಕೈಚೀಲ ಕೆಳಗಿಟ್ಟ. ಕೈಯೆತ್ತಿ ಗಾಳಿಯಲ್ಲಿ ಹೊಲಿದು ತೋರಿಸಿದ: ದಬ್ಬಣ ಚುಚ್ಚಿದ, ದಾರ ಎಳೆದ, ಗಂಟು ಹಾಕಿದ, ಹಲ್ಲಿನಲ್ಲಿ ಕಡಿದ. ಆಮೇಲೆ ಎದೆ ಮುಟ್ಟಿಕೊಂಡು, "ಮೈ ಮಿಸ್ಟೇಕ್," ಎಂದ.

ಅಧಿಕಾರಿ ಹಳೆಯದರ ಬೆನ್ನ ಮೇಲೆ ಹೆಬ್ಬೆರಳು ಎಳೆದ. ಒಮ್ಮೆ ತೆರೆದು ಮುಚ್ಚಿ ನೋಡಿದ. ಅದು ಸದ್ದಿಲ್ಲದೆ, ಚಪ್ಪಟೆಯಾಗಿ ಮುಚ್ಚಿಕೊಂಡಿತು. ಮತ್ತೆ ಹೊಸದನ್ನು ತೆರೆದ. ಚಾಚಿಕೊಂಡಿದ್ದ ದಾರ ಅವನ ಬೆರಳಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಂಡು, ಏನೋ ಗೊಣಗಿ, ಮುದ್ರೆ ಕುಟ್ಟಿದ.

ಆಚೆ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಕೂದಲೆಲ್ಲ ಬೆಳ್ಳಗಾಗಿತ್ತು. ಪಕ್ಕದಲ್ಲಿ ಎತ್ತರದ ಮುದುಕನೊಬ್ಬ ಎರಡೂ ಕೈ ಹಿಂದೆ ಕಟ್ಟಿಕೊಂಡು, ಪರೀಕ್ಷೆಗೆ ನಿಂತವನ ಹಾಗೆ ನಿಂತಿದ್ದ. ಅಕ್ಕ ತಮ್ಮನ ಕೆನ್ನೆ ಹಿಂಡಿ, ಅವನ ಕೈಯಲ್ಲಿದ್ದ ಪಾಸ್‌ಪೋರ್ಟ್ ಕಿತ್ತುಕೊಂಡು ತನ್ನ ಕೋಟಿನ ಜೇಬಿಗೆ ಹಾಕಿದಳು.

"ಇಪ್ಪತ್ನಾಲ್ಕರವರೆಗೆ ಇದು ನನ್ನ ಹತ್ರ ಇರುತ್ತೆ."

"ದಾರ ಬಿಟ್ಟಿದೆ ಅಕ್ಕ, ಮೆಲ್ಲಗೆ."

"ಬಿಟ್ಟಿರಲಿ."

ಬೈಂಡರ್ ಕೈಚೀಲದಿಂದ ರಟ್ಟಿನ ಪಟ್ಟಿ ತೆಗೆದು, ಇನ್ನೂ ಖಾಲಿಯಿದ್ದ ಹನ್ನೆರಡು ಮನೆಗಳನ್ನು ನೋಡಿದ. "ಎಣಿಕೆ ನಾಳೆಯಿಂದ ಅಲ್ವಾ? ಇವತ್ತು ಬೆಳಗಿನ ಹೊತ್ತು ಆಗಲೇ ವಿಮಾನದಲ್ಲೇ ಹೋಯ್ತು."

"ಇವತ್ತೇ ಒಂದು," ಎಂದಳು ಅಕ್ಕ. "ನಡಿ, ಅದನ್ನೂ ನಿಂತಲ್ಲೇ ಕಳೀಬೇಡ. ಮೊದಲು ನಿಮ್ಮ ಭಾವನ ಕಡೆ ನೋಡು. ಒಪ್ಪಿಗೆ ಹೇಳ್ತೀಯ ಅಂತ ಮೂರು ತಿಂಗಳಿಂದ ಕಾಯ್ತಿದಾನೆ."